ಉಗ್ರಾಣದ ಬೀಗದಕೈ

ಜೂನ್-ಜುಲೈ ತಿಂಗಳುಗಳಲ್ಲಿ ನಮ್ಮ ಜಿಲ್ಲಾಕೇಂದ್ರಗಳ ಯಾವುದಾದರೊಂದು ಪದವಿ ಕಾಲೇಜಿನ ಕಚೇರಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ, ಪ್ರವೇಶಕ್ಕಾಗಿ ಬಂದ ವಿದ್ಯಾರ್ಥಿಗಿಂತ ಅವನೊಡನೆ ಬಂದ ತಂದೆಯೇ ಹೆಚ್ಚು ಗಾಬರಿಗೊಂಡಿರುವುದೂ, ಅಂಕಪಟ್ಟಿಗಳ ಕಟ್ಟನ್ನು ಎದೆಗವಚಿಕೊಂಡು ಸಾಲಿನಲ್ಲಿ ನಿಲ್ಲುವುದು, ಶುಲ್ಕದ ಚಲನ್ ತುಂಬುವುದು, ಯಾವ ವಿಷಯವನ್ನು ತೆಗೆದುಕೊಂಡರೆ ಯಾವ ನೌಕರಿ ದೊರೆಯುತ್ತದೆಂದು ಗುಮಾಸ್ತರನ್ನು ವಿಚಾರಿಸುವುದು ಮೊದಲಾದ ಸಕಲ ಕಾರ್ಯಗಳನ್ನೂ ಆತನೇ ಮಾಡುತ್ತಿರುವುದೂ, ಓದಬೇಕಾದ ಹುಡುಗನು ಮಾತ್ರ ತನಗೂ ಈ ವ್ಯವಹಾರಕ್ಕೂ ಯಾವ ಸಂಬಂಧವೂ ಇಲ್ಲವೆಂಬಂತೆ ಕಂಬಕ್ಕೊರಗಿ ಮೊಬೈಲನ್ನು ನೋಡುತ್ತಿರುವುದೂ ಕಣ್ಣಿಗೆ ಬೀಳದೆ ಇರಲಾರದು. ಇದನ್ನು ಕಂಡು ನಗುವುದು ಸುಲಭ. ಆದರೆ ಆ ಗಾಬರಿಯ ಹಿಂದೆ ಎರಡು ಎಕರೆ ಹೊಲದ ಬೆಳೆಯೋ, ಒಂದು ಕೈಸಾಲವೋ, ಸೊಸೈಟಿಯಲ್ಲಿ ಅಡವಿಟ್ಟ ಒಡವೆಯೋ ಇರುತ್ತದೆಂಬುದನ್ನು ಬಲ್ಲವರು ನಗಲಾರರು.

ನಗು ಬರಬೇಕಾದದ್ದು ಮುಂದಿನ ಅಂಕಕ್ಕೆ. ತಂದೆಯ ಕೈಯಿಂದ ಮಗನನ್ನು ತೆಗೆದುಕೊಂಡ ಕಾಲೇಜು ಅವನನ್ನು ದೊಡ್ಡವನನ್ನಾಗಿ ಮಾಡುವ ಬದಲು, ಅದೇ ಕೈಹಿಡಿದು ನಡೆಸುವ ಕೆಲಸವನ್ನು ಇನ್ನಷ್ಟು ಶಿಸ್ತಿನಿಂದ ಮುಂದುವರಿಸಿಕೊಂಡು ಹೋಗುತ್ತದೆ. ಒಂದು ತರಗತಿ ತಪ್ಪಿದರೆ ತಂದೆಯ ಫೋನಿಗೆ ಸಂದೇಶ ಹೋಗುತ್ತದೆ. ಕಿರುಪರೀಕ್ಷೆಯಲ್ಲಿ ಅಂಕ ಇಳಿದರೆ ಪೋಷಕರ ಸಭೆ ಸೇರುತ್ತದೆ. ಹತ್ತು ಮೈಲಿಯ ಆಚೆಗೊಂದು ವಿಹಾರಕ್ಕೆ ಹೋಗಬೇಕಾದರೆ ತಾಯಿಯೋ ತಂದೆಯೋ ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ಹದಿನೆಂಟು ತುಂಬಿದ ಆ ತರುಣನು ತನ್ನ ಮತದಿಂದ ಒಂದು ಸರ್ಕಾರವನ್ನು ಇಳಿಸಿ ಇನ್ನೊಂದನ್ನು ಏರಿಸಬಲ್ಲನು, ತನ್ನ ಹೆಸರಿನಲ್ಲಿ ಕರಾರುಪತ್ರ ಬರೆದುಕೊಡಬಲ್ಲನು. ತನ್ನ ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಬ್ಬ ಶಾಮಿಯಾನದವನನ್ನು ಗೊತ್ತುಮಾಡುವ ಅಧಿಕಾರ ಮಾತ್ರ ಅವನಿಗಿಲ್ಲ.

ಇದಕ್ಕೆ ಪರಿಹಾರವೆಂದು ಈಚೆಗೆ ಪ್ರತಿ ಕಾಲೇಜಿನಲ್ಲಿಯೂ ವ್ಯಕ್ತಿತ್ವ ವಿಕಸನದ ಉಪನ್ಯಾಸಗಳು ನಡೆಯುತ್ತಿವೆ. ಕೊರಳಿಗೆ ಟೈ ಬಿಗಿದುಕೊಂಡು ಬಂದ ಒಬ್ಬ ಮಹನೀಯರು ಎರಡು ಗಂಟೆಗಳ ಕಾಲ ಆತ್ಮವಿಶ್ವಾಸದ ಮಹಿಮೆಯನ್ನು ವರ್ಣಿಸಿ, ಎಲ್ಲರಿಂದಲೂ ಚಪ್ಪಾಳೆ ತಟ್ಟಿಸಿ, ನೆನಪಿನ ಕಾಣಿಕೆ ಸ್ವೀಕರಿಸಿ ಹೊರಡುತ್ತಾರೆ. ಅವರ ಮಾತುಗಳಲ್ಲಿ ದೋಷವೇನೂ ಇರುವುದಿಲ್ಲ. ಆದರೆ ಸ್ವಾವಲಂಬನೆಯು ಶ್ರವಣದಿಂದ ಪ್ರಾಪ್ತವಾಗುವ ವಿದ್ಯೆಯಲ್ಲ. ಹತ್ತು ಜನರ ಹಣವನ್ನು ಕೈಯಲ್ಲಿ ಹಿಡಿದು, ಹತ್ತು ಜನರ ಹಿತಕ್ಕಾಗಿ ಅದನ್ನು ವೆಚ್ಚಮಾಡಿ, ಆ ಹತ್ತು ಜನರ ಎದುರಿಗೆ ನಿಂತು ಲೆಕ್ಕ ಒಪ್ಪಿಸುವ ಪ್ರಸಂಗ ಒಮ್ಮೆಯಾದರೂ ಬಾರದೆ ಅದು ಯಾರಿಗೂ ಕೈಗೂಡಿದಂತೆ ಕಾಣೆ. ಕಾಲೇಜಿನ ಆವರಣದಲ್ಲಿ ಅಂಥ ಪ್ರಸಂಗಗಳಿಗೆ ಎಡೆಯಿರುವ ಸ್ಥಾನಗಳು ನಾಲ್ಕಾರಿವೆ: ವಿದ್ಯಾರ್ಥಿನಿಲಯದ ಅಡುಗೆಮನೆ, ಕನ್ನಡ ಸಂಘ, ಕಾಲೇಜು ಪತ್ರಿಕೆ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಆಟದ ಬಯಲು. ಇವೆಲ್ಲ ಇಂದಿಗೂ ಹೆಸರಿಗೆ ಉಳಿದೇ ಇವೆ. ಇವುಗಳೊಳಗಿನ ನಿಜವಾದ ಅಧಿಕಾರ ಮಾತ್ರ ವಿದ್ಯಾರ್ಥಿಗಳ ಕೈಯಿಂದ ಮೆಲ್ಲಮೆಲ್ಲನೆ ಜಾರಿಹೋಗಿದೆ ಎಂಬುದು ನನ್ನ ದೂರು.

ಹಿಂದಿನ ಕಾಲದ ಹುಡುಗರು ಈಗಿನವರಿಗಿಂತ ಗಟ್ಟಿಗರಾಗಿದ್ದರೆಂದು ಹೇಳುವುದು ವಯಸ್ಸಾದವರಿಗೆ ಪ್ರಿಯವಾದ ಮಾತು. ವಾರಾನ್ನ ಉಂಡು ಓದಿದವರು, ಬೆಂಗಳೂರಿನ ರೈಲುನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆಯಂಥ ಆಶ್ರಯಗಳಲ್ಲಿ ಹಾಸಿಗೆ ಬಿಚ್ಚಿ ಓದಿದವರು, ಬೀದಿಯ ದೀಪದ ಕೆಳಗೆ ಓದಿದವರು ಎಂದು ಪಟ್ಟಿ ಬೆಳೆಯುತ್ತದೆ. ಅವರ ಬಗ್ಗೆ ಗೌರವವಿರಬೇಕಾದದ್ದೇ ಸರಿ. ಆದರೆ ವಾರದ ಏಳು ದಿನ ಏಳು ಮನೆಗಳ ಜಗಲಿಯಲ್ಲಿ ಎಲೆಗಾಗಿ ಕಾಯುತ್ತಿದ್ದ ಬಾಲಕನ ಸಂಕೋಚವನ್ನು ಸ್ವಾವಲಂಬನೆಯೆಂದು ಕೊಂಡಾಡುವುದು ನನಗೆ ಒಪ್ಪಿಗೆಯಿಲ್ಲ. ಅದು ದಾರಿದ್ರ್ಯವು ಮಾಡಿದ ಬಲಾತ್ಕಾರ. ಅದು ಹೋದದ್ದು ಒಳ್ಳೆಯದೇ ಆಯಿತು. ನಾವು ನೆನೆಯಬೇಕಾದದ್ದು ಬೇರೆ ಒಂದು ಪರಂಪರೆಯನ್ನು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡವೆಂದರೆ ಮನೆಯ ಭಾಷೆ, ಇಂಗ್ಲಿಷೆಂದರೆ ವಿದ್ಯೆಯ ಭಾಷೆ ಎಂಬ ಭಾವನೆ ಬಲವಾಗಿದ್ದ ದಿನಗಳಲ್ಲಿ ಅಲ್ಲಿ ಒಂದು ಕರ್ನಾಟಕ ಸಂಘ ಹುಟ್ಟಿತು. ಆ ಸಂಘವು 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವೆಂಬ ಪತ್ರಿಕೆಯನ್ನು ಹೊರಡಿಸಿತು. ಹೊಸಗನ್ನಡದ ವಿದ್ವತ್ತಿಗೂ ಸಾಹಿತ್ಯಕ್ಕೂ ನೆಲೆಯಾದ ಆ ಪತ್ರಿಕೆಯನ್ನು ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತೆಂಬುದು ಎಲ್ಲರೂ ಬಲ್ಲ ವಿಷಯ. ಅದರ ಮೊದಲ ಉಸಿರು ಒಂದು ಕಾಲೇಜಿನ ಸಂಘದ್ದು ಎಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಅನಂತರದ ಕಾಲದಲ್ಲಿ ಅದೇ ಊರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಅವರು ಕನ್ನಡ ಸಂಘವನ್ನು ಕಟ್ಟಿ, ಬೇಂದ್ರೆಯವರ ಹೆಸರಿನಲ್ಲಿ ಅಂತರ ಕಾಲೇಜು ಕವನಸ್ಪರ್ಧೆಯನ್ನು ನಡೆಯಿಸಿ, ಇನ್ನೂ ಮೀಸೆ ಮೂಡದ ಕವಿಗಳ ಪದ್ಯಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿದರು. ತನ್ನ ಹೆಸರು ಮೊಟ್ಟಮೊದಲು ಅಚ್ಚಾದ ಪುಟವನ್ನು ನೋಡಿದ ಹುಡುಗನಲ್ಲಿ ಆಗುವ ಬದಲಾವಣೆ ಒಂದು ಬಗೆಯದಾದರೆ, ಆ ಪುಸ್ತಕದ ಕರಡಚ್ಚು ತಿದ್ದಿ, ಬಿಡುಗಡೆಗೆ ಆಹ್ವಾನಪತ್ರ ಹಂಚಿ, ಸಭಾಂಗಣದ ಹೊರಗೆ ಮೇಜು ಹಾಕಿಕೊಂಡು ಪ್ರತಿಗಳನ್ನು ಮಾರಲು ಕುಳಿತವನಲ್ಲಿ ಆಗುವ ಬದಲಾವಣೆ ಇನ್ನೊಂದು ಬಗೆಯದು. ಮೊದಲನೆಯವನಿಗೆ ತನ್ನ ಬಗ್ಗೆ ಅಭಿಮಾನ ಹುಟ್ಟುತ್ತದೆ; ಎರಡನೆಯವನಿಗೆ ಚಿಲ್ಲರೆ ಹಣವನ್ನು ತಪ್ಪದೆ ಎಣಿಸುವುದು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ. ಇವೆರಡರಲ್ಲಿ ಜೀವನಕ್ಕೆ ಹೆಚ್ಚು ಒದಗುವುದು ಯಾವುದೆಂದು ನನ್ನನ್ನು ಕೇಳಿದರೆ, ಕವಿಗಳು ಕ್ಷಮಿಸಬೇಕು, ನಾನು ಎರಡನೆಯದನ್ನೇ ಹೇಳುವೆನು.

ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠಶಾಲೆ ವಿದ್ಯಾರ್ಥಿನಿಲಯದ ಮೆಸ್ಸು. ಈಗ ಬಹುಮಟ್ಟಿಗೆ ಎಲ್ಲ ಕಡೆಯೂ ಮೆಸ್ಸನ್ನು ಗುತ್ತಿಗೆದಾರರಿಗೆ ವಹಿಸಿಕೊಡುವ ಪದ್ಧತಿ ಬಂದಿದೆ; ಆದರೆ ವಿದ್ಯಾರ್ಥಿಗಳೇ ನಡೆಸಿಕೊಂಡು, ತಿಂಗಳ ಕೊನೆಯಲ್ಲಿ ಖರ್ಚನ್ನು ತಮ್ಮೊಳಗೇ ಹಂಚಿಕೊಳ್ಳುವ ‘ಡಿವೈಡಿಂಗ್’ ಪದ್ಧತಿಯ ಮೆಸ್ಸುಗಳಲ್ಲಿ ಉಂಡವರು ನಮ್ಮ ನಡುವೆ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಅದರ ಸೂತ್ರ ಬಹು ಸರಳ. ನಿಲಯದಲ್ಲಿ ನೂರೈವತ್ತು ಮಂದಿ ಇದ್ದಾರೆನ್ನೋಣ. ಮೂವತ್ತು ದಿನದ ತಿಂಗಳಿಗೆ ಒಟ್ಟು 4,500 ಊಟದ ದಿನಗಳಾಯಿತು. ಊರಿಗೆ ಹೋದವರ ರಜೆಯ ದಿನಗಳೆಂದು 450ನ್ನು ಕಳೆದರೆ 4,050 ಉಳಿಯಿತು. ಆ ತಿಂಗಳ ದಿನಸಿ, ತರಕಾರಿ, ಹಾಲು, ಅನಿಲ, ಅಡುಗೆಯವರ ಸಂಬಳ ಎಲ್ಲ ಸೇರಿ 4,05,000 ರೂಪಾಯಿ ಆದರೆ ದಿನಕ್ಕೆ ತಲಾ ನೂರು ರೂಪಾಯಿ. ಇಷ್ಟೇ ಗಣಿತ. ಈ ಗಣಿತದೊಳಗೆ ಎಷ್ಟು ಮನುಷ್ಯಸ್ವಭಾವ ಅಡಗಿದೆಯೆಂಬುದು ಮೆಸ್ ಕಾರ್ಯದರ್ಶಿಯಾಗಿ ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೊದಲ ದಿನವೇ ಅರಿವಾಗತೊಡಗುತ್ತದೆ.

ಮೈಸೂರಿನ ಅಂಥದೊಂದು ನಿಲಯದ ಕಾರ್ಯದರ್ಶಿಯನ್ನು ಊಹಿಸಿಕೊಳ್ಳಿ. ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿರುವ, ಹುಣಸೂರಿನ ಕಡೆಯ ಹುಡುಗ. ಮನೆಯಲ್ಲಿ ಒಂದು ಕಿಲೋ ಸಕ್ಕರೆ ತರಬೇಕಾದರೂ ತಾಯಿ ಬರೆದುಕೊಟ್ಟ ಚೀಟಿಯನ್ನು ಅಂಗಡಿಯವನ ಮುಂದೆ ಇಟ್ಟು ಸುಮ್ಮನೆ ನಿಲ್ಲುತ್ತಿದ್ದವನು. ಅಡುಗೆಯ ಭಟ್ಟರೊಡನೆ ಬೆಳಿಗ್ಗೆ ಎಂ.ಜಿ. ರಸ್ತೆಯ ತರಕಾರಿ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಸಂತೇಪೇಟೆಯ ಸಗಟು ಅಂಗಡಿಗೆ ಬಂದು ನಿಂತಾಗ ಅವನಿಗೆ ಅಕ್ಕಿಯೆಂದರೆ ಅಕ್ಕಿ, ಮೂಟೆಯೆಂದರೆ ಮೂಟೆ. ಭಟ್ಟರು ಮಾತನಾಡುವುದಿಲ್ಲ, ಮೂಟೆಗೆ ಕೊಳವೆ ಚುಚ್ಚಿ ಹೊರತೆಗೆದ ಕಾಳನ್ನು ಅಂಗೈಯಲ್ಲಿ ಹರವಿ, ಎರಡು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟುಕ್ಕೆನ್ನಿಸಿ, ‘ಹೊಸದು, ಅನ್ನ ಮುದ್ದೆಯಾಗುತ್ತೆ’ ಎಂದು ಕೈಕೊಡವಿಬಿಡುತ್ತಾರೆ. ಅಂಗಡಿಯವನು ಕ್ವಿಂಟಾಲಿಗೆ ಇನ್ನೂರು ರೂಪಾಯಿ ಬಿಡುತ್ತೇನೆನ್ನುತ್ತಾನೆ. ಆಗ ಇಬ್ಬರೂ ಹುಡುಗನ ಮುಖ ನೋಡುತ್ತಾರೆ. ನೂರೈವತ್ತು ಮಂದಿಯ ಒಂದು ತಿಂಗಳ ಅನ್ನವು ಮುದ್ದೆಯಾಗಬೇಕೋ ಉದುರುದುರಾಗಿರಬೇಕೋ ಎಂಬ ನಿರ್ಣಯವನ್ನು, ಪ್ರಿನ್ಸಿಪಾಲರನ್ನಾಗಲಿ ವಾರ್ಡನ್ನರನ್ನಾಗಲಿ ಕೇಳದೆ, ನಿಂತ ನಿಲುವಿನಲ್ಲಿ ಅವನು ಮಾಡಬೇಕು. ಯಾವ ವ್ಯಕ್ತಿತ್ವ ವಿಕಸನದ ಉಪನ್ಯಾಸಕರೂ ಅವನನ್ನು ಅಂಥ ಬಿಸಿಲಿನಲ್ಲಿ ನಿಲ್ಲಿಸಿರಲಾರರು.

ಮಾಲು ಬಂದು ಇಳಿದಾಗ ತೂಗಿಸಿಕೊಳ್ಳಬೇಕು, ತೂಗಿದ್ದನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯಬೇಕು, ಪ್ರತಿದಿನ ಬೆಳಿಗ್ಗೆ ಎಷ್ಟು ಬೇಳೆ, ಎಷ್ಟು ಎಣ್ಣೆ ಹೊರಗೆ ಹೋಯಿತೆಂದು ಸಹಿ ಮಾಡಿ ಕೊಡಬೇಕು. ಯುಗಾದಿಗೆ ಹೋಳಿಗೆ ಬೇಕೆಂದು ಎಲ್ಲರೂ ಒಕ್ಕೊರಲಿನಿಂದ ಕೂಗುತ್ತಾರೆ. ಹೋಳಿಗೆ, ತುಪ್ಪ, ಎರಡು ಬಗೆಯ ಪಲ್ಯ ಎಂದು ಆ ದಿನ ಆರು ಸಾವಿರ ರೂಪಾಯಿ ಹೆಚ್ಚು ಖರ್ಚಾಗಿ, ತಿಂಗಳ ಕೊನೆಗೆ ದಿನದ ದರ ಒಂದೂವರೆ ರೂಪಾಯಿ ಏರಿತೆಂದು ನೋಟೀಸ್ ಬೋರ್ಡಿನಲ್ಲಿ ಕಂಡಾಗ, ಹೋಳಿಗೆಗೆ ಎರಡು ಸಲ ತಟ್ಟೆ ಒಡ್ಡಿದವನೇ ‘ದುಡ್ಡೆಲ್ಲ ಎಲ್ಲಿ ಹೋಯಿತು’ ಎಂದು ಗಟ್ಟಿಯಾಗಿ ಕೇಳುತ್ತಾನೆ. ಸಾರು ನೀರಾಯಿತೆಂದು ಒಬ್ಬ, ಖಾರವಾಯಿತೆಂದು ಇನ್ನೊಬ್ಬ. ರಜೆಗೆ ಹೋಗುವ ಮುನ್ನ ಬರೆದುಕೊಡದೆ, ಬಂದ ಮೇಲೆ ಮೆಸ್ ಕಟ್ ಬೇಕೆಂದು ಜಗಳಕ್ಕೆ ನಿಲ್ಲುವ ಆಪ್ತಮಿತ್ರ. ಸ್ನೇಹಕ್ಕಾಗಿ ಅವನ ನಾಲ್ಕು ದಿನವನ್ನು ಹೊಡೆದುಹಾಕಿದರೆ ಆ ಹಣವನ್ನು ಉಳಿದ ನೂರನಲವತ್ತೊಂಬತ್ತು ಮಂದಿ ತೆರಬೇಕಾಗುತ್ತದೆ. ಇವೆಲ್ಲಕ್ಕೂ ಮಿಗಿಲಾದ ಕಷ್ಟವೆಂದರೆ, ತಂದೆಯ ವಯಸ್ಸಿನ ಭಟ್ಟರು ಒಂದು ಸಂಜೆ ಉಗ್ರಾಣದ ಬಾಗಿಲಿಗೆ ಬಂದು, ಊರಿನಲ್ಲಿ ಮನೆಯವಳಿಗೆ ಹುಷಾರಿಲ್ಲ, ಎರಡು ತಿಂಗಳ ಸಂಬಳ ಮುಂಗಡವಾಗಿ ಬೇಕೆಂದು ಕೇಳುವುದು. ಕರುಣೆಗೆ ಸೋತು ಕೊಟ್ಟರೆ ಸಮಿತಿಗೆ ಉತ್ತರ ಹೇಳಬೇಕು. ನಿಯಮವನ್ನು ಹಿಡಿದು ಕೊಡದಿದ್ದರೆ ನಾಳೆ ಬೆಳಿಗ್ಗೆ ಆತನ ಕೈಯ ಕಾಫಿಯನ್ನು ಕುಡಿಯುವಾಗ ತಲೆಯೆತ್ತಲು ಆಗುವುದಿಲ್ಲ. ಬಲ್ಲವನಾದರೆ ಅಂದು ರಾತ್ರಿಯೇ ಸಮಿತಿಯ ಐವರನ್ನು ಕೂಡಿಸಿ, ಒಂದು ತಿಂಗಳ ಸಂಬಳವನ್ನು ಕೊಡಿಸಿ, ಅದನ್ನು ಕಂತಿನಲ್ಲಿ ಮುರಿದುಕೊಳ್ಳುವಂತೆ ಠರಾವು ಬರೆಯಿಸುತ್ತಾನೆ. ಹಾಗೆ ಮಾಡುವ ಹುಡುಗನು ಒಂದೇ ರಾತ್ರಿಯಲ್ಲಿ ರಾಜ್ಯಶಾಸ್ತ್ರದ ಎಷ್ಟು ಅಧ್ಯಾಯಗಳನ್ನು ದಾಟಿದನೆಂಬುದನ್ನು ಪರೀಕ್ಷಕರು ಅಳೆಯಲಾರರು.

ಗುತ್ತಿಗೆದಾರನ ಮೆಸ್ಸಿನಲ್ಲಿ ಈ ತೊಂದರೆಗಳೊಂದೂ ಇಲ್ಲ. ಮೊದಲೇ ಹಣ ಕಟ್ಟಿ, ಕಾರ್ಡು ತೋರಿಸಿ, ಉಂಡು ಎದ್ದುಹೋಗಬಹುದು. ಊಟ ಚೆನ್ನಾಗಿಲ್ಲದಿದ್ದರೆ ತಟ್ಟೆ ಬಡಿದು ಗಲಾಟೆ ಮಾಡಬಹುದು. ದೂರುವುದೊಂದೇ ವಿದ್ಯಾರ್ಥಿಗೆ ಉಳಿದಿರುವ ಹಕ್ಕು. ಹಿಂದಿನ ಪದ್ಧತಿಯಲ್ಲಿ ಕಳ್ಳಲೆಕ್ಕಗಳು ನಡೆಯುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ನಡೆಯುತ್ತಿದ್ದವು. ಎಣ್ಣೆಯ ಡಬ್ಬಿಗಳು ಮಾಯವಾಗುತ್ತಿದ್ದವು, ಕಾರ್ಯದರ್ಶಿಗೆ ಹೊಸ ಅಂಗಿ ಬಂತೆಂದು ಪಿಸುಮಾತು ಹಬ್ಬುತ್ತಿತ್ತು. ಆದರೆ ಆ ಪಿಸುಮಾತೇ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಪ್ರಶ್ನೆಯಾಗಿ ಎದ್ದು, ಬಿಲ್ಲುಗಳನ್ನು ಮೇಜಿನ ಮೇಲೆ ಹರಡುವವರೆಗೂ ಸಭೆ ಏಳುತ್ತಿರಲಿಲ್ಲ. ಕಳ್ಳಲೆಕ್ಕವನ್ನು ಹಿಡಿಯುವುದನ್ನು ಕಲಿತವರು ಕೂಡ ಅಲ್ಲಿಯೇ ಕಲಿತರು.

ಹೆಣ್ಣುಮಕ್ಕಳ ನಿಲಯಗಳ ಮಾತು ಬೇರೆ. ಅಲ್ಲಿ ಮೆಸ್ ಸಮಿತಿ ಇದ್ದರೂ ಅದು ವಾರದ ತಿಂಡಿಯ ಪಟ್ಟಿ ಬರೆಯುವುದಕ್ಕಷ್ಟೇ ಸೀಮಿತ. ಮಾರುಕಟ್ಟೆಗೆ ಹೋಗುವವರು ವಾರ್ಡನ್ನರೋ ಜವಾನರೋ. ಸಂಜೆ ಆರೂವರೆಗೆ ಗೇಟು ಮುಚ್ಚುತ್ತದೆಯೆಂಬ ಒಂದೇ ನಿಯಮವು ನಾಟಕದ ತಾಲೀಮನ್ನೂ, ಚರ್ಚಾಕೂಟವನ್ನೂ, ಗ್ರಂಥಾಲಯದ ಸಂಜೆಯನ್ನೂ ಒಟ್ಟಿಗೆ ಕಿತ್ತುಕೊಳ್ಳುತ್ತದೆ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ಇಂಥ ನಿಯಮಗಳ ವಿರುದ್ಧ ‘ಪಿಂಜರಾ ತೋಡ್’ (ಪಂಜರ ಮುರಿಯಿರಿ) ಎಂದು ಚಳವಳಿ ಹೂಡಿದಾಗ ನಮ್ಮಲ್ಲಿ ಅದನ್ನು ಉದ್ಧಟತನವೆಂದು ಕರೆದವರು ಕಡಮೆಯಿರಲಿಲ್ಲ. ರಕ್ಷಣೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಬೀದಿಯಲ್ಲಿ ದೀಪ ಹಾಕಿಸುವುದಕ್ಕಿಂತ ಗೇಟಿಗೆ ಬೀಗ ಹಾಕುವುದು ಅಗ್ಗವೆಂಬ ಲೆಕ್ಕಾಚಾರಕ್ಕೆ ರಕ್ಷಣೆಯೆಂಬ ಹೆಸರನ್ನು ಕೊಡುವುದು ನ್ಯಾಯವಲ್ಲ.

ರಾಷ್ಟ್ರೀಯ ಸೇವಾ ಯೋಜನೆಯ ವಿಚಾರದಲ್ಲಿ ನಾನು ಇಷ್ಟು ನಿರಾಶನಲ್ಲ. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಆರಂಭಿಸಿದಾಗ ಇದ್ದ ಸ್ವಯಂಸೇವಕರು ಸುಮಾರು 40,000 ಮಂದಿ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಒಂದು ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ ಎಂಬುದು ಅದರ ಕಟ್ಟಳೆ. ಕಾಗದದ ಮೇಲೆ ಇದು ಶುಷ್ಕವಾಗಿ ಕಂಡರೂ ಆ ಏಳು ದಿನಗಳಲ್ಲಿ ಒಂದು ವಿಶೇಷವಿದೆ: ಅಲ್ಲಿ ಕಾಲೇಜಿನ ಗೋಡೆ ಇಲ್ಲ. ಶಾಲೆಯ ಕೊಠಡಿಯಲ್ಲಿ ಜಮಖಾನೆ ಹಾಸಿ ಮಲಗಿ, ಬೆಳಿಗ್ಗೆ ಪ್ರಭಾತಫೇರಿ ಮುಗಿಸಿ, ಚರಂಡಿ ಎತ್ತಲು ಗುದ್ದಲಿ ಹಿಡಿದು ಹೊರಟ ಹುಡುಗರಿಗೆ ಮೊದಲ ಎರಡು ದಿನ ಊರಿನವರು ನೀರುಮಜ್ಜಿಗೆ ಕೊಟ್ಟು ಉಪಚರಿಸುತ್ತಾರೆ. ಮೂರನೆಯ ದಿನ ಆ ಚರಂಡಿ ಒಬ್ಬರ ಹಿತ್ತಿಲಿನ ಪಕ್ಕಕ್ಕೆ ಬಂದಾಗ, ‘ಇಲ್ಲಿ ಅಗೆಯೋಕೆ ನಿಮಗೆ ಯಾರ್ ಹೇಳಿದ್ದು?’ ಎಂಬ ಪ್ರಶ್ನೆ ಏಳುತ್ತದೆ. ಶಿಬಿರಾಧಿಕಾರಿಗಳಾದ ಮೇಷ್ಟ್ರು ಜಾಣರಾಗಿದ್ದರೆ ಆ ಹೊತ್ತಿಗೆ ಸರಿಯಾಗಿ ಕಾಫಿ ಕುಡಿಯಲು ಹೋಗಿರುತ್ತಾರೆ. ಆ ಮನೆಯ ಯಜಮಾನರನ್ನು ‘ದೊಡ್ಡಪ್ಪ’ ಎಂದು ಕರೆದು, ಪಂಚಾಯಿತಿ ಸದಸ್ಯರನ್ನು ಕರೆತಂದು, ಹಳೆಯ ವೈಮನಸ್ಯವೊಂದು ಈ ಚರಂಡಿಯ ಕೆಳಗೆ ಹರಿಯುತ್ತಿದೆಯೆಂಬುದನ್ನು ಪತ್ತೆಹಚ್ಚಿ, ಕೊನೆಗೆ ಎರಡು ಅಡಿ ಪಕ್ಕಕ್ಕೆ ಅಗೆಯುವುದೆಂದು ಒಪ್ಪಂದಕ್ಕೆ ಬರುವುದು ಇಪ್ಪತ್ತು ವರ್ಷದವರ ಪಾಲಿಗೆ ಬರುತ್ತದೆ. ಕೆಲವು ಶಿಬಿರಗಳಲ್ಲಿ ಉದ್ಘಾಟನೆ, ಸಮಾರೋಪ ಮತ್ತು ಅವುಗಳ ಛಾಯಾಚಿತ್ರಗಳ ನಡುವೆ ಶ್ರಮದಾನಕ್ಕೆ ವೇಳೆಯೇ ಸಿಕ್ಕುವುದಿಲ್ಲವೆಂಬುದೂ ನಿಜವೇ. ಆ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ವಿದ್ಯಾರ್ಥಿಸಂಘಗಳ ಚುನಾವಣೆ. ಸಂವಿಧಾನದ ಅರವತ್ತೊಂದನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದು, ಅದು 1989ರ ಮಾರ್ಚ್ ತಿಂಗಳಲ್ಲಿ ಜಾರಿಗೆ ಬಂತು. ಸರಿಸುಮಾರು ಅದೇ ಕಾಲಕ್ಕೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆಗಳು ನಿಂತುಹೋದವು. ದೇಶವನ್ನು ಆಳುವವರನ್ನು ಆರಿಸಬಲ್ಲೆಯೆಂದು ಒಂದು ಕೈಯಿಂದ ಹೇಳಿ, ನಿನ್ನ ತರಗತಿಯ ಪ್ರತಿನಿಧಿಯನ್ನು ಆರಿಸಲಾರೆಯೆಂದು ಇನ್ನೊಂದು ಕೈಯಿಂದ ತಡೆದಂತಾಯಿತು. ನಿಷೇಧಕ್ಕೆ ಕಾರಣಗಳಿರಲಿಲ್ಲವೆಂದು ಯಾರೂ ವಾದಿಸಲಾರರು. ಹೊಡೆದಾಟ, ಜಾತಿಯ ಲೆಕ್ಕಾಚಾರ, ಹೊರಗಿನ ಪಕ್ಷಗಳ ಹಣ, ಚುನಾವಣೆಯ ಮುಂಚಿನ ವಾರ ಮುಚ್ಚಿಹೋಗುತ್ತಿದ್ದ ತರಗತಿಗಳು ಇವನ್ನು ಕಂಡ ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟದ್ದು ಸಹಜವೇ. ಆದರೆ ರೋಗಕ್ಕೆ ಮದ್ದು ಹುಡುಕುವ ಪ್ರಯತ್ನವೂ ನಡೆದಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ ರಚಿತವಾದ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿಯು 2006ರಲ್ಲಿ ವರದಿ ಕೊಟ್ಟಿತು: ಅಭ್ಯರ್ಥಿಗೆ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಶೇಕಡಾ 75 ಹಾಜರಿ ಇರಬೇಕು, ಅಚ್ಚುಹಾಕಿಸಿದ ಭಿತ್ತಿಪತ್ರಗಳು ಕೂಡದು, ಕೈಯಿಂದ ಬರೆದವನ್ನೇ ಅಂಟಿಸಬೇಕು, ಫಲಿತಾಂಶ ಬಂದ ಎರಡು ವಾರಗಳೊಳಗೆ ಖರ್ಚಿನ ಲೆಕ್ಕವನ್ನು ಒಪ್ಪಿಸಬೇಕು. ನಮ್ಮ ಶಾಸಕರಿಗೂ ಇಷ್ಟು ಬಿಗಿಯಾದ ಕಟ್ಟಳೆ ಇದ್ದಿದ್ದರೆ ಎಂಬ ಆಸೆ ಓದುವವರ ಮನಸ್ಸಿನಲ್ಲಿ ಸುಳಿಯದೆ ಇರದು. ಅದಿರಲಿ, ಈಗ ಹೆಚ್ಚಿನ ಕಾಲೇಜುಗಳಲ್ಲಿ ನಡೆಯುತ್ತಿರುವುದು ನಾಮಕರಣ. ಹೆಚ್ಚು ಅಂಕ ಪಡೆದವನನ್ನೋ, ಮೇಷ್ಟ್ರುಗಳಿಗೆ ಪ್ರಿಯನಾದವನನ್ನೋ ಪ್ರತಿನಿಧಿಯೆಂದು ಕೂಡಿಸುತ್ತಾರೆ. ಅವನು ಯಾರ ಪ್ರತಿನಿಧಿ? ತನ್ನನ್ನು ಕೂಡಿಸಿದವರ ಪ್ರತಿನಿಧಿ. ಸೋಲುವ ಭಯವಿಲ್ಲದೆ ಗೆದ್ದವನಿಗೆ ಉತ್ತರ ಹೇಳುವ ಅಭ್ಯಾಸ ಎಲ್ಲಿಂದ ಬರಬೇಕು?

ಇದರ ಜೊತೆಗೆ ಹೊಸತಾಗಿ ಸೇರಿಕೊಂಡಿರುವುದು ಅಂಕಗಳ ಆಮಿಷ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿ ಪದವಿ ಪಡೆಯಬೇಕಾದರೆ ನಾಲ್ಕು ವರ್ಷಗಳಲ್ಲಿ ಸಾಮಾಜಿಕ ಚಟುವಟಿಕೆಗಳಿಂದ ನೂರು ಅಂಕಗಳನ್ನು ಗಳಿಸಿರಬೇಕು. ಉದ್ದೇಶ ಸ್ತುತ್ಯವಾದದ್ದು. ಆದರೆ ಗಿಡ ನೆಡುವುದಕ್ಕೆ ಇಷ್ಟು, ಹಳ್ಳಿಯ ಸಮೀಕ್ಷೆಗೆ ಇಷ್ಟು ಎಂದು ದರ ನಿಗದಿಯಾದ ಮೇಲೆ ವಿದ್ಯಾರ್ಥಿಯ ಲಕ್ಷ್ಯ ಗಿಡದ ಮೇಲೆ ನಿಲ್ಲುತ್ತದೆಯೋ ಗಿಡದೊಡನೆ ತೆಗೆಸಿಕೊಂಡ ಚಿತ್ರದ ಮೇಲೆ ನಿಲ್ಲುತ್ತದೆಯೋ ಎಂಬುದು ಊಹೆಗೆ ಕಷ್ಟವಾದದ್ದೇನಲ್ಲ. ದೊಡ್ಡ ಕಾಲೇಜುಗಳ ಉತ್ಸವಗಳಂತೂ ಪೂರ್ತಿಯಾಗಿ ಗುತ್ತಿಗೆಯ ಸಂಸ್ಥೆಗಳ ಕೈಗೆ ಹೋಗಿ, ವಿದ್ಯಾರ್ಥಿಗಳ ಪಾಲಿಗೆ ಒಂದೇ ಬಣ್ಣದ ಅಂಗಿ ತೊಟ್ಟು ಅತಿಥಿಗಳಿಗೆ ದಾರಿ ತೋರಿಸುವ ಕೆಲಸವಷ್ಟೇ ಉಳಿದಿದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಇರುವುದು ಅಪ್ರಾಮಾಣಿಕತೆಯಾದೀತು. ವಿದ್ಯಾರ್ಥಿನಿಲಯ, ನಾಟಕ, ಚರ್ಚಾಕೂಟ ಎಂದು ನಾವು ವರ್ಣಿಸುವುದೆಲ್ಲ ಕಾಲೇಜಿರುವ ಊರಿನಲ್ಲಿಯೇ ಉಳಿದು ಓದುವ ಅದೃಷ್ಟವಂತರ ಮಾತು. ನಮ್ಮ ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಓದುವವರಲ್ಲಿ ಬಹುಪಾಲು ಮಂದಿ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹತ್ತುವವರು, ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ರಾತ್ರಿಯವರೆಗೂ ಇನ್ನೊಂದಿಲ್ಲದ ಊರುಗಳವರು. 2023ರ ಜೂನ್ ತಿಂಗಳಲ್ಲಿ ಬಂದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿದ್ದು ದೊಡ್ಡ ಉಪಕಾರ. ಬಸ್ಸಿನ ವೇಳೆ ಮಾತ್ರ ಇದ್ದಲ್ಲಿಯೇ ಇದೆ. ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡಿ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನಿಗೆ ಸ್ವಾವಲಂಬನೆಯನ್ನು ಬೋಧಿಸಲು ಹೋಗುವುದು ಹಾಸ್ಯಾಸ್ಪದ. ಅವನು ನಮಗೆ ಬೋಧಿಸಬೇಕು. ಇಂಥವರಿಗೆ ಐದು ಗಂಟೆಯ ಮೇಲೆ ನಡೆಯುವ ಯಾವ ಸಂಘದಿಂದಲೂ ಪ್ರಯೋಜನವಿಲ್ಲ. ಆದುದರಿಂದ ಸಂಘದ ಕೆಲಸ ವೇಳಾಪಟ್ಟಿಯ ಒಳಗೇ, ಹಗಲು ಹೊತ್ತಿನಲ್ಲಿಯೇ, ವಾರಕ್ಕೆ ಎರಡು ಗಂಟೆಯಾದರೂ ನಡೆಯಬೇಕು. ಆರು ತಿಂಗಳಿಗೊಂದು ಪರೀಕ್ಷೆಯೆಂಬ ಈಗಿನ ಅವಸರದಲ್ಲಿ ಪಾಠ ಮುಗಿಯುವುದೇ ಕಷ್ಟವೆಂದು ಅಧ್ಯಾಪಕ ಮಿತ್ರರು ಹೇಳುವರು. ಹೇಳಲಿ, ಮುಗಿಯದ ಪಾಠಗಳು ಹಿಂದೆಯೂ ಇದ್ದವು.

ಹಣವಿಲ್ಲವೆಂಬ ಮಾತನ್ನಂತೂ ಒಪ್ಪತಕ್ಕದ್ದಲ್ಲ. ಯಾವ ಕಾಲೇಜಿನ ಶುಲ್ಕದ ರಸೀದಿಯನ್ನಾದರೂ ಕೈಗೆತ್ತಿಕೊಂಡು ನೋಡಿ: ಕ್ರೀಡೆ, ಮ್ಯಾಗಜೀನ್, ಸಾಂಸ್ಕೃತಿಕ ಚಟುವಟಿಕೆ, ವಿದ್ಯಾರ್ಥಿ ಕ್ಷೇಮಾಭಿವೃದ್ಧಿ ಎಂದು ಸಣ್ಣ ಸಣ್ಣ ಮೊತ್ತಗಳು ಕೆಳಗಿನ ಸಾಲುಗಳಲ್ಲಿ ಸಾಲಾಗಿ ಕುಳಿತಿರುತ್ತವೆ. ಒಬ್ಬೊಬ್ಬನಿಂದ ನೂರಿನ್ನೂರು ರೂಪಾಯಿಯಾದರೂ ಸಾವಿರ ಮಂದಿಯ ಕಾಲೇಜಿನಲ್ಲಿ ಅದು ಲಕ್ಷವನ್ನು ದಾಟುತ್ತದೆ. ಈ ಹಣವನ್ನು ಕೊಟ್ಟವರಿಗೆ ಅದು ಎಲ್ಲಿ ಹೋಯಿತೆಂಬುದು ತಿಳಿದಿರುವುದಿಲ್ಲ, ಕೇಳಬಹುದೆಂಬುದೂ ತಿಳಿದಿರುವುದಿಲ್ಲ. ಚುನಾವಣೆಯ ಪ್ರಶ್ನೆ ಸರ್ಕಾರದ ಅಂಗಳದಲ್ಲಿರಬಹುದು, ಬಸ್ಸಿನ ವೇಳೆ ಸಾರಿಗೆ ಸಂಸ್ಥೆಯ ಕೈಯಲ್ಲಿರಬಹುದು; ಈ ಸಾಲುಗಳ ಲೆಕ್ಕ ಮಾತ್ರ ಕಾಲೇಜಿನದೇ. ಮ್ಯಾಗಜೀನಿನ ಒಂದು ಬಾಬ್ತನ್ನಾದರೂ ಈ ವರ್ಷ ವಿದ್ಯಾರ್ಥಿಗಳ ಸಮಿತಿಯೊಂದಕ್ಕೆ ಬಿಟ್ಟುಕೊಟ್ಟು, ಚೆಕ್ಕಿಗೆ ಒಬ್ಬ ಅಧ್ಯಾಪಕರ ಸಹಿಯ ಜೊತೆಗೆ ಒಬ್ಬ ವಿದ್ಯಾರ್ಥಿಯ ಸಹಿಯೂ ಇರತಕ್ಕದ್ದೆಂದು ಗೊತ್ತುಮಾಡಿ, ಮೂರು ಮುದ್ರಣಾಲಯಗಳಿಂದ ದರಪಟ್ಟಿ ತರಿಸುವುದರಿಂದ ಹಿಡಿದು ಕಟ್ಟು ಬಿಚ್ಚಿ ಹಂಚುವವರೆಗೆ ಅವರಿಗೇ ವಹಿಸಿ, ಮಾರ್ಚ್ ತಿಂಗಳಲ್ಲಿ ಎಲ್ಲ ವಿದ್ಯಾರ್ಥಿಗಳ ಎದುರಿಗೆ ಬಿಲ್ಲುಗಳ ಸಹಿತ ಲೆಕ್ಕ ಓದಿಸಿದರೆ, ಮೊದಲನೆಯ ವರ್ಷದ ಹುಡುಗಿಯೊಬ್ಬಳು ಎದ್ದುನಿಂತು ಕಾಗದದ ದರ ಇಷ್ಟೇಕೆ ಆಯಿತೆಂದು ಕೇಳಬಹುದು. ಸಂಚಿಕೆ ಎರಡು ತಿಂಗಳು ತಡವಾಗಬಹುದು, ಮುಖಪುಟ ಪ್ರಿನ್ಸಿಪಾಲರಿಗೆ ಇಷ್ಟವಾಗದೆ ಹೋಗಬಹುದು, ಅಚ್ಚಿನ ತಪ್ಪುಗಳಂತೂ ಇದ್ದೇ ಇರುತ್ತವೆ. ಇದನ್ನು ಮುಂದಿನ ಸಿಬ್ಬಂದಿ ಸಭೆಯ ಕಾರ್ಯಸೂಚಿಗೆ ಸೇರಿಸಲು ಬೆಂಗಳೂರಿನ ಯಾವ ಕಚೇರಿಯ ಅಪ್ಪಣೆಯೂ ಬೇಕಾಗಿಲ್ಲ.